ವ್ಯಾಗನಾರ್ ಎಲ್‌ಪಿಜಿ, ಪಿ0171 ಬರ್ತಾನೇ ಇದೆ, ಗ್ಯಾಸ್ ಅಂಗಡಿಯವ್ರು ಇಂಜಿನ್ ಅಂತಾರೆ, ಇಂಜಿನ್ ಗ್ಯಾರೇಜ್‌ನವ್ರು ಗ್ಯಾಸ್ ಅಂತಾರೆ

ತುಮಕೂರ್ ಹುಡ್ಗ:

ನಮಸ್ಕಾರ ಎಲ್ರಿಗೂ. ನಂದು 2014ರ ವ್ಯಾಗನಾರ್, ಕೆ10 ಇಂಜಿನ್, ಎರಡು ವರ್ಷದ ಹಿಂದೆ ಹೊರಗಡೆ ಸೀಕ್ವೆನ್ಷಿಯಲ್ (ಪ್ರತಿ ಸಿಲಿಂಡರ್‌ಗೂ ಬೇರೆ ಗ್ಯಾಸ್ ಇಂಜೆಕ್ಟರ್ ಇರೋದು) ಎಲ್‌ಪಿಜಿ ಕಿಟ್ ಹಾಕ್ಸಿದೆ, ಆರ್‌ಸಿಲಿ ಎಂಟ್ರಿ ಎಲ್ಲಾ ಆಗಿದೆ. ಗ್ಯಾಸ್ ಮೇಲೆ ಸುಮಾರು 38,000 ಕಿಮೀ ಓಡಿದೆ, ತುಮಕೂರು ಬೆಂಗಳೂರು ದಿನಾ ಓಡಾಟ ಅಲ್ವಾ. ಮೂರು ತಿಂಗಳಿಂದ ಪ್ರಾಬ್ಲಮ್ ಶುರು ಆಯ್ತು, ಐದನೇ ಗೇರ್‌ನಲ್ಲಿ ಫ್ಲೈಓವರ್ ಹತ್ತುವಾಗ ಪಿಕಪ್ ಇಲ್ಲ, ಹಿಂದಿನಿಂದ ಯಾರೋ ಹಿಡ್ಕೊಂಡಂಗೆ, ಜೊತೆಗೆ ಸಣ್ಣದಾಗಿ ಜರ್ಕ್. ಆಮೇಲೆ ಇಂಜಿನ್ ಲೈಟ್ ಬಂತು. ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಇಂಜಿನ್ ಕೋಡ್ ಓದೋದು) ತಗೊಂಡು ನೋಡಿದ್ರೆ ಪಿ0171, ಅಂದ್ರೆ ಮಿಕ್ಸ್ಚರ್ ಲೀನ್ ಅಂತೆ, ಗಾಳಿ ಜಾಸ್ತಿ ಇಂಧನ ಕಮ್ಮಿ.

ಕಿಟ್ ಹಾಕಿದ ಅಂಗಡಿಗೆ ಹೋದೆ, ಲ್ಯಾಪ್‌ಟಾಪ್ ಹಚ್ಚಿ ಹತ್ತು ನಿಮಿಷ ಏನೋ ಟ್ಯೂನ್ ಮಾಡಿದ್ರು, 500 ರೂಪಾಯಿ. ಒಂದು ವಾರ ಪರವಾಗಿಲ್ಲ ಅನ್ನಿಸ್ತು, ಮತ್ತೆ ಅದೇ ಕಥೆ. ಅದಾದ್ಮೇಲೆ ಹೊಸದೊಂದು ಶುರು ಆಗಿದೆ, ಬೆಳಿಗ್ಗೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿದ್ರೆ ಒಂದು ನಿಮಿಷ ಗಡಗಡ ಅಂತ ನಡುಗುತ್ತೆ, ಆಫ್ ಆಗೋಗ್ತದೇನೋ ಅನ್ನೋ ಥರ. ಇನ್ನೊಂದ್ ಸಲ ದಾರೀಲಿ ಗ್ಯಾಸ್ ಖಾಲಿಯಾಗಿ ಪೆಟ್ರೋಲ್‌ನಲ್ಲಿ ಬಂದೆ, ಮನೆಗೆ ಬಂದು ನೋಡಿದ್ರೆ ಸೈಲೆನ್ಸರ್ ಬಾಯಲ್ಲಿ ಕರೀ ಮಸಿ. ಇಂಜಿನ್ ಗ್ಯಾರೇಜ್‌ನವ್ರು ಗ್ಯಾಸ್ ಪ್ರಾಬ್ಲಮ್ ಅಂತಾರೆ, ಇಂಜಿನ್ದೇ ತಪ್ಪು ಅಂತಿದ್ದ ಗ್ಯಾಸ್ ಅಂಗಡಿಯವ್ರು ಈಗ ಗ್ಯಾಸ್ ಇಸಿಯುನೇ (ಕಿಟ್‌ನ ಕಂಪ್ಯೂಟರ್) ಬದಲಾಯಿಸ್ಬೇಕು 9,000 ಆಗುತ್ತೆ ಅಂತಿದಾರೆ. ಕೊಡೋದಾ ಬೇಡ್ವಾ?

ಸ್ಪಾರ್ಕ್ ಸೀನ:

ಗುರು ದುಡ್ಡು ಕೊಡೋಕೆ ಮುಂಚೆ ಪ್ಲಗ್ ನೋಡು. ಗ್ಯಾಸ್‌ಗೆ ಕಿಡಿ ಜಾಸ್ತಿ ಜೋರಾಗಿ ಬೇಕು, ಪೆಟ್ರೋಲ್‌ನಲ್ಲಿ ಸುಮ್ನೆ ಓಡೋ ಹಳೇ ಪ್ಲಗ್ ಗ್ಯಾಸ್‌ನಲ್ಲಿ ಲೋಡ್ ಬಿದ್ದ ತಕ್ಷಣ ಮಿಸ್ಸಿಂಗ್ ಹೊಡಿಯುತ್ತೆ. ಮಿಸ್ಸಿಂಗ್ ಆದ್ರೆ ಉರಿಯದೇ ಇರೋ ಗಾಳಿ ಹಂಗೇ ಸೈಲೆನ್ಸರ್‌ಗೆ ಹೋಗುತ್ತಲ್ಲ, ಹೊಗೇಲಿ ಉಳಿದ ಆಕ್ಸಿಜನ್ ಅಳೆಯೋ ಆಕ್ಸಿಜನ್ ಸೆನ್ಸಾರ್ ಅದನ್ನ ನೋಡಿ ಲೀನ್ ಲೀನ್ ಅಂತ ಕೂಗುತ್ತೆ. ನಿಜವಾಗ್ಲೂ ಲೀನ್ ಇರೋದೇ ಇಲ್ಲ. ನನ್ನ ಗಾಡಿಗೆ ಹಂಗೇ ಆಗಿತ್ತು. ಪ್ಲಗ್ ಗ್ಯಾಪ್ ಸ್ವಲ್ಪ ಕಮ್ಮಿ ಮಾಡು, ನಾನು 0.8 ಮಿಮೀ ಇಟ್ಟಿದೀನಿ.

ಗ್ಯಾರೇಜ್ ಹುಬ್ಬಳ್ಳಿ:

ಪ್ಲಗ್ ಮಾತು ಖರೇನ ಐತಿ, ಅದನ್ನ ಮೊದಲ ಮಾಡ್ರಿ, ಅಗ್ಗದ ಕೆಲ್ಸ. ಆದ್ರ ತುಮಕೂರಿನವ್ರ, ನಿಮ್ಮ ಗಾಡಿಯೊಳಗ ಬರೀ ಪ್ಲಗ್ ಅಲ್ಲ ಅನಸ್ತದ ನನಗ. ಮಿಸ್ಸಿಂಗ್ ತೋರ್ಸೋ ಪಿ0301, 02, 03 ಕೋಡ್ ಬಂದಿಲ್ಲ ಅಲ್ಲ?

ಒಂದ್ ವಿಷಯ ತಿಳ್ಕೋರಿ. ಸೀಕ್ವೆನ್ಷಿಯಲ್ ಕಿಟ್‌ಗೆ ಸ್ವಂತ ಬುದ್ಧಿ ಕಮ್ಮಿ. ಇಂಜೆಕ್ಟರ್ ಎಷ್ಟ್ ಹೊತ್ತು ತಗೀಬೇಕು ಅಂತ ಲೆಕ್ಕ ಹಾಕೋದು ಪೆಟ್ರೋಲ್ ಇಸಿಯುನ. ಗ್ಯಾಸ್ ಇಸಿಯು ಆ ಲೆಕ್ಕಾನ ನಡುವ ಹಿಡದು, ತನ್ನ ಮ್ಯಾಪಿನ್ಯಾಗಿರೋ (ಲೆಕ್ಕದ ಪಟ್ಟಿ) ನಂಬರಿನಿಂದ ಗುಣಸಿ ಗ್ಯಾಸ್ ಇಂಜೆಕ್ಟರ್‌ಗೆ ಕೊಡ್ತದ ಅಷ್ಟ. ಆಕ್ಸಿಜನ್ ಸೆನ್ಸಾರ್ ನೋಡಿ ತಿದ್ದೋದೂ ಪೆಟ್ರೋಲ್ ಇಸಿಯುನ, ಒಳಗ ಉರಿಯೋದು ಗ್ಯಾಸೋ ಪೆಟ್ರೋಲೋ ಅದಕ್ಕೇನು ಗೊತ್ತಿಲ್ಲ. ಗ್ಯಾಸ್ ಕಮ್ಮಿ ಬಂದ್ರ ಟ್ರಿಮ್, ಅಂದ್ರ ಆ ತಿದ್ದುಪಡಿಯ ಶೇಕಡಾ ನಂಬರ್, ಪ್ಲಸ್ ಮಾಡ್ತದ, ಜಾಸ್ತಿ ಬಂದ್ರ ಮೈನಸ್. ಆ ಲಾಂಗ್ ಟರ್ಮ್ ಟ್ರಿಮ್ ನೆನಪಿಟ್ಟುಕೊಂಡು ನಾಳೆ ಮುಂಜಾನೆ ಪೆಟ್ರೋಲ್ ಮ್ಯಾಲೆ ಸ್ಟಾರ್ಟ್ ಮಾಡಿದಾಗ ಅದನ್ನ ಪೆಟ್ರೋಲ್‌ಗೂ ಹಚ್ತದ. ನಿಮ್ಮ ಗಾಡಿ ಮುಂಜಾನೆ ನಡುಗೋದು, ಮಸಿ ಕಾರೋದು ಇದರಿಂದನ ಇರಬೇಕು.

ಹಿಂಗ ಮಾಡ್ರಿ. ಕೋಡ್ ಅಳಿಸ್ರಿ, ಎರಡು ದಿನ ಬರೀ ಪೆಟ್ರೋಲ್ ಮ್ಯಾಲೆ ಓಡಸ್ರಿ, ಟ್ರಿಮ್ ಬರಕೊಳ್ರಿ. ಪೆಟ್ರೋಲ್ ಮ್ಯಾಲೂ ಪ್ಲಸ್ 15, 20 ಬಂದ್ರ ಗ್ಯಾಸ್ ಕಿಟ್‌ಗೆ ಕೈ ಹಚ್ಚಬ್ಯಾಡ್ರಿ, ತಪ್ಪು ಇಂಜಿನ್ ಕಡೆ ಐತಿ, ಗಾಳಿ ಲೀಕೋ, ಸೆನ್ಸಾರ್ ಮುಂದ ಸೈಲೆನ್ಸರ್ ತೂತೋ, ಪೆಟ್ರೋಲ್ ಪಂಪೋ. ಪೆಟ್ರೋಲ್ ಸರಿ ಇದ್ರ ಗ್ಯಾಸ್‌ಗೆ ಹಾಕಿ, ಮೂರು ಕಡೆ ನೋಡ್ರಿ: ಇಂಜಿನ್ ಪೂರಾ ಬಿಸಿ ಆದ ಮ್ಯಾಲೆ ಐಡಲಿಂಗ್, ನಿಂತಲ್ಲೇ 2500 ಆರ್‌ಪಿಎಂ, ಆಮ್ಯಾಲೆ ಏರಿನ ಮ್ಯಾಲೆ ಮೂರನೇ ಗೇರ್, ಅರ್ಧ ಆಕ್ಸಿಲರೇಟರ್. ಪೂರ್ತಿ ತುಳಿಬ್ಯಾಡ್ರಿ, ಪೂರ್ತಿ ತುಳಿದ್ರ ಇಸಿಯು ಆಕ್ಸಿಜನ್ ಸೆನ್ಸಾರ್ ಮಾತ ಕೇಳೋದಿಲ್ಲ, ನಂಬರಿಗೆ ಅರ್ಥ ಇರಂಗಿಲ್ಲ. ಮತ್ತ ಒಬ್ರನ್ನ ಪಕ್ಕ ಕೂಡಿಸ್ಕೊಂಡು ಹೋಗ್ರಿ, ಗಾಡಿ ಹೊಡಕೋತ ಮೊಬೈಲ್ ನೋಡಬ್ಯಾಡ್ರಿ.

ಹಳೇ ಓಮ್ನಿ:

ನಿಮ್ದೆಲ್ಲಾ ಲ್ಯಾಪ್‌ಟಾಪ್ ಕಾಲ ಸ್ವಾಮಿ. ನನ್ನ ಹತ್ರ 1998ರ ಓಮ್ನಿ ಇತ್ತು, ಕಾರ್ಬುರೇಟರ್ ಮೇಲೆ ಮಿಕ್ಸರ್, ಪೈಪ್ ಮಧ್ಯೆ ಒಂದು ಪವರ್ ಸ್ಕ್ರೂ, ಗ್ಯಾಸ್ ಆವಿ ಮಾಡೋ ವೇಪರೈಸರ್ ಮೇಲೆ ಐಡಲ್ ಸ್ಕ್ರೂ, ಮುಗೀತು. 3000 ಆರ್‌ಪಿಎಂಗೆ ಹಿಡಿದು ಪವರ್ ಸ್ಕ್ರೂ ನಿಧಾನಕ್ಕೆ ಮುಚ್ತಾ ಬರೋದು, ಇಂಜಿನ್ ಸೌಂಡ್ ಇಳಿಯೋಕೆ ಶುರು ಆದ ಕಡೆಯಿಂದ ಸ್ವಲ್ಪ ವಾಪಸ್ ಬಿಡೋದು. ಮಿಸ್ತ್ರಿ ಮೈಲೇಜ್ ಆಸೆಗೆ ಜಾಸ್ತಿ ಮುಚ್ಚಿಬಿಟ್ರೆ ಲೀನ್ ಆಗಿ ಬ್ಯಾಕ್‌ಫೈರ್. ಓಮ್ನೀಲಿ ಇಂಜಿನ್ ಎಲ್ಲಿರುತ್ತೆ ಗೊತ್ತಲ್ಲ, ಕೂತಿರೋ ಸೀಟಿನ ಕೆಳಗೇ. ಒಂದಿನ ನಂಜನಗೂಡು ರೋಡಲ್ಲಿ ಢಂ ಅಂತ, ಏರ್ ಫಿಲ್ಟರ್ ಡಬ್ಬದ ಮುಚ್ಚಳ ಕ್ಲಿಪ್ ಸಮೇತ ಹಾರಿಹೋಯ್ತು, ನಮ್ಮನೆಯವ್ರು ಅವತ್ತಿಂದ ಆ ಗಾಡಿ ಹತ್ತಲಿಲ್ಲ. ನಿಮ್ದು ಸೀಕ್ವೆನ್ಷಿಯಲ್ ಅಲ್ವಾ, ಗ್ಯಾಸ್ ನೇರ ವಾಲ್ವ್ ಹತ್ರನೇ ಬೀಳುತ್ತೆ, ಇಂಥ ಢಂ ಭಯ ಕಮ್ಮಿ. ಆದ್ರೆ ಲೀನ್ ಇಟ್ಕೊಂಡು ತಿಂಗಳುಗಟ್ಲೆ ಓಡಿಸ್ಬೇಡಿ, ವಾಲ್ವ್ ಸೀಟು ತಿಂದ್ಹೋಗುತ್ತೆ.

ತುಮಕೂರ್ ಹುಡ್ಗ:

ಹುಬ್ಬಳ್ಳಿ ಅಣ್ಣ ಹೇಳ್ದಂಗೇ ಮಾಡ್ದೆ. ಪ್ಲಗ್ ಹೊಸದು ಹಾಕ್ಸಿದೆ, ಜರ್ಕ್ ಅರ್ಧ ಕಮ್ಮಿ ಆಯ್ತು (ಸೀನಣ್ಣ ಥ್ಯಾಂಕ್ಸ್), ಪಿಕಪ್ ಮಾತ್ರ ಹಂಗೇ. ತಮ್ಮನ್ನ ಪಕ್ಕ ಕೂರಿಸ್ಕೊಂಡು ದೇವರಾಯನದುರ್ಗ ಹತ್ತಿಸ್ದೆ, ಅವ್ನು ಬರ್ಕೊಂಡ.

ಪೆಟ್ರೋಲ್: ಎಲ್ಲಾ ಕಡೆ ಪ್ಲಸ್ 2ರಿಂದ ಪ್ಲಸ್ 4.
ಗ್ಯಾಸ್: ಐಡಲಿಂಗ್ ಮೈನಸ್ 9, 2500ರಲ್ಲಿ ಪ್ಲಸ್ 3, ಬೆಟ್ಟ ಹತ್ತುವಾಗ ಪ್ಲಸ್ 21, ಅದ್ರ ಮೇಲೆ ಶಾರ್ಟ್ ಟರ್ಮ್ (ಆ ಕ್ಷಣದ ಟ್ರಿಮ್) ಬೇರೆ ಪ್ಲಸ್ 10ರವರೆಗೆ ಹೋಗ್ತಿತ್ತು.

ಇದೇನ್ ಸರ್, ಒಂದ್ಕಡೆ ರಿಚ್ಚು (ಇಂಧನ ಜಾಸ್ತಿ) ಒಂದ್ಕಡೆ ಲೀನು?

ಗ್ಯಾರೇಜ್ ಹುಬ್ಬಳ್ಳಿ:

ಇದನ್ನ ಕಾಯ್ತಿದ್ದೆ ನೋಡ್ರಿ. ಇಂಜಿನ್ ಆರಾಮ ಐತಿ. ಮ್ಯಾಪ್ ಒಂದ ತಪ್ಪಿದ್ರ ಎಲ್ಲಾ ಕಡೆ ಹೆಚ್ಚೂಕಮ್ಮಿ ಒಂದ ದಿಕ್ಕಿಗೆ ಹೋಗಬೇಕಿತ್ತು. ಇಲ್ಲಿ ಲೋಡ್ ಹೆಚ್ಚಾದಂಗ ಗ್ಯಾಸ್ ಸಾಲವಲ್ದು, ಅಂದ್ರ ದಾರ್ಯಾಗ ಎಲ್ಲೋ ಅಡ್ಡ ಬಿದ್ದೇತಿ. ಸ್ಟ್ರಾ ಒಳಗ ಕಸ ಸಿಕ್ಕಂಗ, ಮೆಲ್ಲಕ ಎಳದ್ರ ಬರ್ತದ, ಜೋರಾಗಿ ಎಳದ್ರ ಬರಂಗಿಲ್ಲ. ಅಂಗಡಿಯವ್ರು ಆ ಕಸ ತಗಿಯೋ ಬದಲಿ ಮ್ಯಾಪಿನ್ಯಾಗ ಎಲ್ಲಾ ಕಡೆ ಗ್ಯಾಸ್ ಏರಿಸಿಬಿಟ್ಟಾರ, ಅದಕ್ಕ ಐಡಲಿಂಗ್ ರಿಚ್ ಆತು. ಇಸಿಯು ಐಡಲಿಂಗ್‌ನ್ಯಾಗ ಮೈನಸ್ 9 ಕಲ್ತೈತಿ, ಅದರಿಂದ ಮುಂಜಾನೆ ಪೆಟ್ರೋಲ್ ಸಾಲದ ನಡಗ್ತದ. ಹೈವೇ ಮ್ಯಾಲೆ ಪ್ಲಸ್ 21 ಕಲ್ತೈತಿ, ಅಲ್ಲೆ ಪೆಟ್ರೋಲ್ ಹೆಚ್ಚಾಗಿ ಮಸಿ. ಎರಡಕ್ಕೂ ಲೆಕ್ಕ ಕೂಡ್ತು.

ಅಂಗಡಿಯವ್ರಿಗೆ ಮ್ಯಾಪ್ ಮುಟ್ಟಬ್ಯಾಡ್ರಿ, ಲ್ಯಾಪ್‌ಟಾಪ್ ಹಿಡ್ಕೊಂಡು ನನ್ ಜೊತಿ ಗಾಡ್ಯಾಗ ಬರ್ರಿ ಅನ್ರಿ. ಗ್ಯಾಸ್ ಪ್ರೆಶರ್, ಗ್ಯಾಸ್ ಟೆಂಪರೇಚರ್, ರೆಡ್ಯೂಸರ್ ಟೆಂಪರೇಚರ್, ಮೂರೂ ನೋಡ್ರಿ. ರೆಡ್ಯೂಸರ್ ಅಂದ್ರ ಇಂಜಿನ್ ಬಿಸಿನೀರಿನಿಂದ ಗ್ಯಾಸ್ ಆವಿ ಮಾಡಿ ಪ್ರೆಶರ್ ಇಳಸೋ ಡಬ್ಬಿ. ಏರಿನ ಮ್ಯಾಲೆ ಟೆಂಪರೇಚರ್ ಬಿದ್ರ ರೆಡ್ಯೂಸರ್‌ಗೆ ಬಿಸಿನೀರು ಸಾಲವಲ್ದು, ಕೂಲಂಟ್ ಕಮ್ಮಿ ಇಲ್ಲಾ ಪೈಪಿನ್ಯಾಗ ಗಾಳಿ. ಟೆಂಪರೇಚರ್ ಸರಿ ಇದ್ದು ಪ್ರೆಶರ್ ಬಿದ್ರ ಗ್ಯಾಸ್ ಫಿಲ್ಟರ್ ಇಲ್ಲಾ ರೆಡ್ಯೂಸರ್ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ). ಫಿಲ್ಟರ್ ಯಾವಾಗ ಬದಲಿ ಮಾಡೀರಿ?

ತುಮಕೂರ್ ಹುಡ್ಗ:

ಫಿಲ್ಟರ್ ಅಂತ ಒಂದಿದೆ ಅಂತಾನೇ ಯಾರೂ ಹೇಳಿಲ್ಲ ಅಣ್ಣ 😭

ಗ್ಯಾರೇಜ್ ಹುಬ್ಬಳ್ಳಿ:

38,000 ಕಿಮೀ! ಶಿವಾ. ಒಂದಲ್ರಿ, ಎರಡ ಅದಾವ. ಒಂದು ರೆಡ್ಯೂಸರ್‌ಗೆ ಮೊದಲ ಇರೋ ಸೊಲೆನಾಯ್ಡ್ (ಗ್ಯಾಸ್ ಬಂದ್ ಮಾಡೋ ವಾಲ್ವ್) ಒಳಗ, ಇನ್ನೊಂದು ರೆಡ್ಯೂಸರ್ ಮತ್ತ ಇಂಜೆಕ್ಟರ್ ರೈಲ್ ನಡುವ, ಡಬ್ಬಿ ಹಂಗ ಇರ್ತದ. ನೀವ ಬಿಚ್ಚಬ್ಯಾಡ್ರಿ, ಪೈಪಿನ್ಯಾಗ ಪ್ರೆಶರ್ ಇರ್ತದ. ಟ್ಯಾಂಕ್ ವಾಲ್ವ್ ಬಂದ್ ಮಾಡಿ, ಪೈಪಿನ ಗ್ಯಾಸ್ ಉರದು ಪೆಟ್ರೋಲ್‌ಗೆ ಬೀಳೋತನಕ ಇಂಜಿನ್ ಓಡಸಿ, ಆಮ್ಯಾಲೆ ಬಯಲಿನ್ಯಾಗ ಬಿಚ್ಚೋ ಕೆಲ್ಸ.

ಸ್ಪಾರ್ಕ್ ಸೀನ:

ಒಂದು ಡೌಟು, ಫಿಲ್ಟರ್ ಇಷ್ಟು ಬೇಗ ಕಟ್ಟೋಕೆ ಗ್ಯಾಸೇ ಕೆಟ್ಟದಿರ್ಬೋದಾ? ನಮ್ ಏರಿಯಾದಲ್ಲಿ ಕೆಲವ್ರು ಮನೆ ಸಿಲಿಂಡರಿಂದ ತುಂಬಿಸ್ಕೊತಾರೆ.

ತುಮಕೂರ್ ಹುಡ್ಗ:

ಅಯ್ಯೋ ಇಲ್ಲಪ್ಪ, ಬಂಕಲ್ಲೇ ತುಂಬ್ಸೋದು. ಸಿಲಿಂಡರಿಂದ ತುಂಬೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಸಂಚಕಾರ.

ಗ್ಯಾರೇಜ್ ಹುಬ್ಬಳ್ಳಿ:

ಬಂಕಿನ ಗ್ಯಾಸಿನ್ಯಾಗೂ ಸ್ವಲ್ಪ ಎಣ್ಣಿ ಅಂಶ ಇರ್ತದ್ರಿ. ಗ್ಯಾಸ್ ಆವಿ ಆಗಿ ಹೋಗ್ತದ, ಎಣ್ಣಿ ರೆಡ್ಯೂಸರ್ ತಳಕ್ಕ, ಫಿಲ್ಟರ್‌ಗೆ ಕುಂದರ್ತದ.

ತುಮಕೂರ್ ಹುಡ್ಗ:

ಅಪ್‌ಡೇಟ್. ಆ ಅಂಗಡಿ ಬಿಟ್ಟು ಬೇರೆ ಕಡೆ ಹೋದೆ, ಆಟೋಗಳಿಗೆ ಗ್ಯಾಸ್ ಕೆಲ್ಸ ಮಾಡೋ ವಯಸ್ಸಾದ ಮಿಸ್ತ್ರಿ, ಅವ್ರ ಮಗ ಲ್ಯಾಪ್‌ಟಾಪ್ ನೋಡ್ಕೊತಾನೆ. ಐಡಲಿಂಗ್‌ನಲ್ಲಿ ಪ್ರೆಶರ್ 1.05 ಬಾರ್, ಏರಲ್ಲಿ 0.62ಕ್ಕೆ ಬಿತ್ತು. ಟೆಂಪರೇಚರ್ ಅಲ್ಲಾಡ್ಲಿಲ್ಲ. ಫಿಲ್ಟರ್ ಡಬ್ಬಿ ಬಿಚ್ಚಿ ಪೇಪರ್ ಮೇಲೆ ಬಗ್ಗಿಸಿದ್ರು ನೋಡಿ, ಒಂದು ಚಮಚದಷ್ಟು ಕಂದು ಬಣ್ಣದ ಎಣ್ಣೆ, ಕಾಕಂಬಿ ಥರ ಅಂಟಂಟು, ಕೊಳೆತ ಈರುಳ್ಳಿ ವಾಸನೆ, ಅಂಗಡಿ ತುಂಬಾ ಹೊಡೀತು. ಒಳಗಿನ ಪೇಪರ್ ಬಿಳಿ ಇರ್ಬೇಕಂತೆ, ನಂದು ಟೀ ಸೋಸಿದ ಬಟ್ಟೆ ಥರ ಇತ್ತು. ಎರಡೂ ಫಿಲ್ಟರ್, ಲೇಬರ್ ಎಲ್ಲಾ ಸೇರಿ 850 ರೂಪಾಯಿ. ರೆಡ್ಯೂಸರ್ ತಳದ ಬೋಲ್ಟ್ ಬಿಚ್ಚಿ ಅಲ್ಲಿಂದಲೂ ಸ್ವಲ್ಪ ಎಣ್ಣೆ ಇಳ್ಸಿದ್ರು. ಈಗ ಏರಲ್ಲಿ ಪ್ರೆಶರ್ 0.98. ಗಾಡಿ ಫ್ಲೈಓವರ್‌ನ ಐದನೇ ಗೇರ್‌ನಲ್ಲೇ ಹತ್ತುತ್ತೆ!

ಆದ್ರೆ ನಾಲ್ಕು ದಿನ ಆದ್ಮೇಲೆ ನೋಡಿದ್ರೆ ಟ್ರಿಮ್ ಐಡಲಿಂಗ್ ಮೈನಸ್ 10, ಏರಲ್ಲಿ ಮೈನಸ್ 12. ಈಗ ಎಲ್ಲಾ ಕಡೆ ರಿಚ್?

ಗ್ಯಾರೇಜ್ ಹುಬ್ಬಳ್ಳಿ:

ಸರಿಯಾಗೇ ಐತಿ, ಹೆದರಬ್ಯಾಡ್ರಿ. ಈಗ ಎಲ್ಲಾ ಒಂದ ದಿಕ್ಕಿಗೆ ಹೊಂಟೈತಿ ನೋಡ್ರಿ, ಇದು ಹಳೇ ಅಂಗಡಿಯವ್ರು ಏರಿಸಿದ್ದ ಮ್ಯಾಪ್. ಈಗ ಮ್ಯಾಪ್ ಮುಟ್ಟೋ ಟೈಮ್ ಬಂತು. ಇಂಜಿನ್ ಪೂರಾ ಬಿಸಿ ಮಾಡಿ, ಎಸಿ ಆಫ್ ಇಟ್ಟು ಆಟೋ ಕ್ಯಾಲಿಬ್ರೇಷನ್ (ಕಿಟ್ ತಾನ ಮ್ಯಾಪ್ ಹೊಂದಿಸ್ಕೊಳ್ಳೋದು) ಮೊದಲಿಂದ ಮಾಡಸ್ರಿ. ಆಮ್ಯಾಲೆ ಅದ ಏರಿನ ಮ್ಯಾಲೆ ಪೆಟ್ರೋಲ್ ಮತ್ತ ಗ್ಯಾಸ್ ಇಂಜೆಕ್ಷನ್ ಟೈಮ್ ಹೋಲಿಸಿ ತಿದ್ದಸ್ರಿ. ಟ್ರಿಮ್ ಪೆಟ್ರೋಲ್ ನಂಬರಿಗೆ ನಾಲ್ಕೈದು ಪಾಯಿಂಟ್ ಹತ್ರ ಬಂದ್ರ ಸಾಕು, ಸೊನ್ನಿ ಬರ್ಲಿ ಅಂತ ಹಠ ಮಾಡಬ್ಯಾಡ್ರಿ.

ತುಮಕೂರ್ ಹುಡ್ಗ:

ಮಾಡ್ಸಿದೆ. ಐಡಲಿಂಗ್ ಮೈನಸ್ 1, ಏರಲ್ಲಿ ಪ್ಲಸ್ 5. ಲೈಟ್ ಹತ್ತು ದಿನದಿಂದ ಬಂದಿಲ್ಲ, ಬೆಳಿಗ್ಗೆ ಪೆಟ್ರೋಲ್ ಸ್ಟಾರ್ಟ್ ಕೂಡ ಸ್ಮೂತ್. ಮೈಲೇಜ್ ಲೀಟರ್‌ಗೆ 12ರಿಂದ 14 ಚಿಲ್ಲರೆಗೆ ಬಂದಿದೆ, ಪೆಟ್ರೋಲ್‌ನಲ್ಲಿ ನಂಗೆ 18 ಬರ್ತಿತ್ತು, ಗ್ಯಾಸ್ ಅಂದ್ಮೇಲೆ ಅಷ್ಟು ಕಮ್ಮಿ ಬಂದೇ ಬರುತ್ತೆ ಅಂದ್ರು ಮಿಸ್ತ್ರಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಗ್ಯಾಪ್) ಒಂದ್ಸಲ ಚೆಕ್ ಮಾಡ್ಸು ಅಂತಾನೂ ಹೇಳಿದಾರೆ, ಲೀನ್‌ನಲ್ಲಿ ಮೂರು ತಿಂಗಳು ಓಡಿದೆಯಲ್ಲ ಅಂತ. ಮುಂದಿನ ತಿಂಗಳು ಸಂಬಳ ಬಂದ್ಮೇಲೆ ಅದು.

ಹಳೇ ಓಮ್ನಿ:

ಮುಂದಿನ ತಿಂಗಳು ಅಂತ ತಳ್ಬೇಡಿ, ಎಕ್ಸಾಸ್ಟ್ (ಹೊಗೆ ಹೋಗೋ) ವಾಲ್ವ್ ಕಡೆದು ಮೊದಲು ನೋಡ್ಸಿ. ಅಂದಹಾಗೆ ಆ 500 ರೂಪಾಯಿ ವಾಪಸ್ ಕೇಳಿದ್ರಾ?

ತುಮಕೂರ್ ಹುಡ್ಗ:

ಕೇಳ್ದೆ ಸರ್. ಟೀ ಕುಡ್ಸಿ ಕಳ್ಸಿದ್ರು.