ಹದಿಹರೆಯದವರ ಡಿಸ್ಟೋಪಿಯನ್ ಕಾದಂಬರಿಗೆ ಸಾಹಿತ್ಯ ಪ್ರಶಸ್ತಿ: ತೀರ್ಪು ಕೊಟ್ಟವರು ಅನುಭವ ಹೇಳಿ

ಕೇಳಿದವರು:
ಮೊದಲ ಸಲ ತೀರ್ಪುಗಾರಳಾಗಿದ್ದೇನೆ. ಕೊನೆಯ ಸುತ್ತಿನಲ್ಲಿ ಇಂಥದ್ದೊಂದು ಡಿಸ್ಟೋಪಿಯನ್ ಕಾದಂಬರಿ, ಅಂದರೆ ದಬ್ಬಾಳಿಕೆಯ ಕರಾಳ ಲೋಕದ ಕಥೆ, ಉಳಿದಿದೆ. ಮೂರು ಭಾಗಗಳಲ್ಲಿ ಮೊದಲನೆಯದು. ರಾತ್ರಿಯಿಡೀ ಓದಿಸಿತು. ಅಷ್ಟು ಸಾಕಾ? ನೀವು ಹೇಗೆ ನಿರ್ಧರಿಸಿದಿರಿ?

ಎರಡು ವರ್ಷ ಸಮಿತಿಯಲ್ಲಿದ್ದವನು:
ನಾನು ಬೇಡ ಅಂದೆ, ಸೋತೆ. ಐದು ಜನ, ಏಳು ವಾರ, 41 ಪುಸ್ತಕ. ಎರಡು ಸುತ್ತು ನನ್ನ ಕಡೆ ಮೂರು ಮತ ಇತ್ತು. ಮೂರನೇ ಸುತ್ತಿನಲ್ಲಿ ಒಬ್ಬರು "ಮಕ್ಕಳಿಗೆ ಎಚ್ಚರಿಕೆ ಕೊಡುವ ಪುಸ್ತಕ" ಅಂತ ಆ ಕಡೆ ಹೋದರು. ಎಚ್ಚರಿಕೆ ಕೊಡೋದಕ್ಕೆ ಪ್ರಶಸ್ತಿಯಾ? ಕೊನೆಯ 60 ಪುಟ ಪೂರ್ತಿ ಮುಂದಿನ ಭಾಗಕ್ಕೆ ಹಾಕಿದ ಪೀಠಿಕೆ. ಒಂಬತ್ತು ಪುಟ ಟಿಪ್ಪಣಿ ಬರೆದುಕೊಟ್ಟೆ. ಯಾರೂ ಓದಲಿಲ್ಲ. ಆಮೇಲೆ ಯಾವ ಸಮಿತಿಗೂ ಹೋಗಿಲ್ಲ.

ಲೈಬ್ರರಿಯಲ್ಲಿ ಕೆಲಸ ಮಾಡುವವಳು:
ನಾವು ಕೊಟ್ಟೆವು. ಇವತ್ತಿಗೂ ಹೆಮ್ಮೆ ಇದೆ. ಮೂರು ಸಲ ಓದಿದೆ. ಮೊದಲು ಕಥೆಗೆ, ಆಮೇಲೆ ಪೆನ್ಸಿಲ್ ಹಿಡಿದು, ಕೊನೆಗೆ ಗಟ್ಟಿಯಾಗಿ. ಆ ಲೋಕದವರು ಆಡುವ ಹೊಸ ಪದಗಳಿಗೆ 62 ಕಡೆ ಗುರುತು ಹಾಕಿದ್ದೆ. ಒಂದಕ್ಕೂ ಅರ್ಥ ಬಿಡಿಸಿ ಹೇಳಿರಲಿಲ್ಲ, ಆದರೂ ಎಲ್ಲೂ ತಡವರಿಸಲಿಲ್ಲ. ಸರ್ಕಾರ ಯಾಕೆ ಕೆಟ್ಟದ್ದು ಅಂತ ಭಾಷಣವೂ ಇರಲಿಲ್ಲ. ಮನೆಯಲ್ಲಿ ಅಮ್ಮ ದನಿ ತಗ್ಗಿಸಿ ಮಾತಾಡುವುದರಲ್ಲೇ ಗೊತ್ತಾಗುತ್ತಿತ್ತು. ಮೇಲಿನವರು ಸರಣಿ ಅಂತ ತಳ್ಳುತ್ತಾರೆ. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ 2011ರಲ್ಲಿ ಪ್ಯಾಟ್ರಿಕ್ ನೆಸ್ ಅವರ ಸರಣಿಯ ಮೂರನೇ ಪುಸ್ತಕಕ್ಕೇ ಬಂತು, ಅಲ್ವಾ?

ಎರಡು ವರ್ಷ ಸಮಿತಿಯಲ್ಲಿದ್ದವನು:
ಅದು ಮುಗಿದ ಕಥೆ ಮೇಡಂ! ಮೂರನೆಯದರಲ್ಲಿ ಗಂಟು ಬಿಚ್ಚಿರುತ್ತದೆ. ನಾನು ಹೇಳಿದ್ದು ಗಂಟು ಹಾಕಿ ಕೈಬಿಟ್ಟ ಮೊದಲ ಭಾಗದ ಬಗ್ಗೆ. ಪೆನ್ಸಿಲ್ ಹಿಡಿದು ಓದಿದ್ದು ನೀವೊಬ್ಬರೇ ಅಲ್ಲ.

ಹೈಸ್ಕೂಲ್ ಮೇಷ್ಟ್ರು:
ನನ್ನದು ಉಲ್ಟಾ ಕಥೆ. ಭಾಷೆ ಚೆನ್ನಾಗಿದೆ ಅಂತ ಹಟ ಹಿಡಿದು ಒಂದನ್ನು ಗೆಲ್ಲಿಸಿದೆ. ಆಮೇಲೆ ತರಗತಿಯಲ್ಲಿ 32 ಮಕ್ಕಳಿಗೆ ಕೊಟ್ಟೆ. 40ನೇ ಪುಟ ದಾಟಿದವರು ಆರು ಜನ. ಒಬ್ಬ ಹುಡುಗ ಬಂದು "ಇದು ನಮಗೆ ಬರೆದದ್ದಲ್ಲ ಸರ್, ನಿಮಗೆ ಬರೆದದ್ದು" ಅಂದ. ಅದು ಇನ್ನೂ ಚುಚ್ಚುತ್ತದೆ. ಮಕ್ಕಳನ್ನು ಮೊದಲು ಕೇಳಿ.

ಲೈಬ್ರರಿಯಲ್ಲಿ ಕೆಲಸ ಮಾಡುವವಳು:
ಮಕ್ಕಳ ಮತವೇ ಬೇಕಾದರೆ ತೀರ್ಪುಗಾರರು ಯಾಕೆ? ಅಮೆರಿಕದಲ್ಲಿ ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಪ್ರಿಂಟ್ಜ್ ಪ್ರಶಸ್ತಿಯ ನಿಯಮದಲ್ಲೇ ಇದೆ: ಜನಪ್ರಿಯತೆಯೂ ಅಳತೆಗೋಲಲ್ಲ, ಸಂದೇಶವೂ ಅಲ್ಲ. ಹಾಗಿದ್ದೂ 2011ರಲ್ಲಿ ಅದು ಹಡಗು ಒಡೆಯುವ ಹುಡುಗನ ಡಿಸ್ಟೋಪಿಯನ್ ಕಥೆ 'ಶಿಪ್ ಬ್ರೇಕರ್'ಗೆ ಬಂತು.

ಹೈಸ್ಕೂಲ್ ಮೇಷ್ಟ್ರು:
ನಿಯಮ ನನಗೂ ಗೊತ್ತು. 32 ಮಕ್ಕಳ ಮುಖ ನೋಡಿದ್ದು ನಾನು, ನೀವಲ್ಲ.

ಎರಡು ವರ್ಷ ಸಮಿತಿಯಲ್ಲಿದ್ದವನು:
ಸಂದೇಶ ಅಳತೆಗೋಲಲ್ಲ ಅಂತ ಈಗ ಒಪ್ಪಿದಿರಲ್ಲ. ನಾನು ಒಂಬತ್ತು ಪುಟ ಬರೆದದ್ದು ಅದನ್ನೇ!

ಕೇಳಿದವರು:
ನನ್ನ ಪುಸ್ತಕದ ಮೊದಲ ಭಾಗ ತಾನಾಗಿಯೇ ಮುಗಿಯುತ್ತದಾ ಅಂತ ನೋಡಲು ಕೊನೆಯ ಅಧ್ಯಾಯ ಮತ್ತೆ ಓದುತ್ತಿದ್ದೇನೆ. ಮತ ಹಾಕಲು ನಾಲ್ಕು ದಿನ ಇದೆ.