ಕಾಳಿ ಅಳಿವೆಯ ಮೇಲೆ ಪಂಜ ಹಿಡಿದು ಉರುಳಿದ ಕಡಲ ಹದ್ದುಗಳು: ಜಗಳವೋ, ಪ್ರಣಯವೋ?

ಕಾಳಿತೀರ:
ನಮಸ್ಕಾರ. ಕಳೆದ ನವೆಂಬರಿನಲ್ಲಿ ಕಾರವಾರದ ಕೋಡಿಬಾಗದ ಬಳಿ ಬಿಳಿ ಹೊಟ್ಟೆಯ ಎರಡು ಕಡಲ ಹದ್ದುಗಳು ಅಳಿವೆಯ ಮೇಲೆ ಎತ್ತರದಲ್ಲಿ ಸುತ್ತುತ್ತಿದ್ದವು. ಮೇಲಿನದು ಎರಗಿದ ಕೂಡಲೇ ಕೆಳಗಿನದು ಅಂಗಾತ ಹೊರಳಿ ಉಗುರು ಚಾಚಿತು. ಎರಡೂ ಪಂಜಕ್ಕೆ ಪಂಜ ಹಿಡಿದು ಗಿರಗಿರನೆ ತಿರುಗುತ್ತ ಇಳಿದು, ನೀರು ತಾಗುವ ಮೊದಲೇ ಬೇರ್ಪಟ್ಟವು. ದೋಣಿಯವರು ಇದನ್ನು ಜಗಳವೆಂದರು, ಪಕ್ಷಿಪುಸ್ತಕಗಳು ಪ್ರಣಯದ ಹಾರಾಟವೆನ್ನುತ್ತವೆ. ನಿಜ ಯಾವುದೆಂದು ತಿಳಿಯುವುದು ಹೇಗೆ?

ಗಾಳಿಮರ:
ದೋಣಿಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಬೇಟೆಹಕ್ಕಿಗಳ ಇಂಥ ಉರುಳಾಟದ ವರದಿಗಳನ್ನು ಒಟ್ಟುಗೂಡಿಸಿ 1993ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಅವುಗಳಲ್ಲಿ ಹೆಚ್ಚಿನವು ಕಾದಾಟಗಳೇ ಎಂದು ತೋರಿಸಿತು. ಆದ್ದರಿಂದ ಉರುಳಾಟವೊಂದನ್ನೇ ನೋಡಿ ತೀರ್ಮಾನಿಸಬಾರದು. ಅದರ ಹಿಂದುಮುಂದನ್ನು ಗಮನಿಸಬೇಕು. ಜೋಡಿಯಾದರೆ ಒಂದರ ಹಿಂದೆ ಇನ್ನೊಂದು ಕೆಲವೇ ಮೀಟರ್ ಅಂತರದಲ್ಲಿ, ಮುಂದಿನದರ ಪ್ರತಿ ತಿರುವನ್ನೂ ಅನುಸರಿಸುತ್ತ ಹಾರುತ್ತದೆ. ಜಗಳವಾದರೆ ಒಂದು ಇನ್ನೊಂದನ್ನು ತನ್ನ ಗಡಿಯಾಚೆ ಅಟ್ಟುವವರೆಗೂ ಬಿಡುವುದಿಲ್ಲ. ಹೆಣ್ಣು ಗಂಡಿಗಿಂತ ದೊಡ್ಡದಾದ್ದರಿಂದ ಗಾತ್ರದ ವ್ಯತ್ಯಾಸವೂ ಸುಳಿವೇ, ಆದರೆ ಅಷ್ಟೇ ಸಾಲದು. ಬೇರ್ಪಟ್ಟ ಮೇಲೆ ಅವು ಎಲ್ಲಿಗೆ ಹೋದವು?

ಕಾಳಿತೀರ:
ದಂಡೆಯ ಒಂದೇ ಗಾಳಿಮರದಲ್ಲಿ ಹತ್ತಿರ ಹತ್ತಿರ ಕುಳಿತವು. ದೊಡ್ಡದು ಕತ್ತನ್ನು ಮೇಲೆತ್ತಿ ಒರಟು ದನಿಯಲ್ಲಿ ಕೂಗತೊಡಗಿದಾಗ ಇನ್ನೊಂದೂ ದನಿಗೂಡಿಸಿತು. ಸ್ವಲ್ಪ ಹೊತ್ತಿನ ನಂತರ ಚಿಕ್ಕದು ಒಣ ಕಡ್ಡಿಯೊಂದನ್ನು ಕಾಲಿನಲ್ಲಿ ಹಿಡಿದು ದಕ್ಷಿಣಕ್ಕೆ ಹಾರಿತು.

ಗಾಳಿಮರ:
ಹಾಗಿದ್ದರೆ ಅದು ಜೋಡಿಯೇ ಎಂದು ಧೈರ್ಯವಾಗಿ ಹೇಳುತ್ತೇನೆ. ಜೊತೆಗೂಡಿ ಕೂಗುವುದು ಈ ಹದ್ದುಗಳ ದಾಂಪತ್ಯದ ಮುಖ್ಯ ಲಕ್ಷಣ, ನಮ್ಮ ಕರಾವಳಿಯಲ್ಲಿ ಅವು ಗೂಡು ಕಟ್ಟುವ ಕಾಲವೂ ಅದೇ. ಹಳೆಯ ಗೂಡಿಗೇ ಪ್ರತಿವರ್ಷ ಕಡ್ಡಿ ಸೇರಿಸುತ್ತ ಹೋಗುವುದರಿಂದ ಅದು ಭಾರಿ ಅಟ್ಟಣಿಗೆಯಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಆರು ವಾರ ಕಾವು.

ಬೆಟ್ಟದಂಚು, ಶಿರಸಿ:
ನಮ್ಮ ಅಡಿಕೆ ತೋಟಗಳ ಮೇಲಿನ ಬೆಟ್ಟಗಳಲ್ಲಿ ಹಾವು ತಿನ್ನುವ ಪನ್ನಗಾರಿಗಳು ಚಳಿಗಾಲದ ಕೊನೆಗೆ ಜೋಡಿಯಾಗಿ ತೇಲುತ್ತ ಕೂಗುವುದನ್ನು ಕಾಣುತ್ತೇವೆ. ಅಲ್ಲಿಯೂ ಕೂಗೇ ಮೊದಲ ಸುಳಿವು. ಒಂದು ವಿನಂತಿ: ಕಡಲ ಹದ್ದುಗಳ ಗೂಡು ಪತ್ತೆಯಾದರೆ ಅದರ ಜಾಗವನ್ನು ಇಲ್ಲಿ ಬರೆಯಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಮೊಟ್ಟೆಯಿಡುವ ಹೊತ್ತಿನಲ್ಲಿ ಕಾಟವಾದರೆ ಈ ಹಕ್ಕಿಗಳು ಗೂಡನ್ನೇ ತೊರೆಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯ ರಕ್ಷಣೆಯೂ ಇವಕ್ಕಿದೆ. ದಂಡೆಯಿಂದಲೇ ದುರ್ಬೀನಿನಲ್ಲಿ ನೋಡಿ. ಹಕ್ಕಿ ಎದ್ದು ನಿಮ್ಮ ತಲೆಯ ಮೇಲೆ ಸುತ್ತುತ್ತ ಕೂಗಿದರೆ ತಕ್ಷಣ ಹಿಂದೆ ಸರಿಯಿರಿ.