ಪದ ಬೇಕು: ಅಸಿಡೋಸಿಸ್, ಅಸಿಡೀಮಿಯಾ, ಕಾಂಪನ್ಸೇಶನ್

ಎಲ್ಲರಿಗೂ ನಮಸ್ಕಾರ. ಐಸಿಯು ನರ್ಸ್‌ಗಳಿಗಾಗಿ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ವರದಿ ಓದುವ ಗೋಡೆಫಲಕ ಕನ್ನಡದಲ್ಲಿ ಸಿದ್ಧವಾಗುತ್ತಿದೆ, ನಾಳೆ ಬೆಳಿಗ್ಗೆ ಅಚ್ಚಿಗೆ. ಸಹಜ ಮಟ್ಟಗಳು ಪಿಹೆಚ್ (ಇಳಿದಷ್ಟೂ ರಕ್ತದಲ್ಲಿ ಆಮ್ಲ ಹೆಚ್ಚು) 7.35–7.45, ಕಾರ್ಬನ್ ಡೈಆಕ್ಸೈಡ್ (ಆಮ್ಲ ಹೆಚ್ಚಿಸುವುದು) 35–45, ಬೈಕಾರ್ಬನೇಟ್ (ಆಮ್ಲ ತಗ್ಗಿಸುವುದು) 22–26: ಇಲ್ಲಿವರೆಗೆ ತೊಡಕಿಲ್ಲ. ಕರಡಿನಲ್ಲಿ ಅಸಿಡೋಸಿಸ್, ಅಸಿಡೀಮಿಯಾ ಎರಡಕ್ಕೂ ‘ಆಮ್ಲತೆ’ ಎಂದಿದೆ, ಕಾಂಪನ್ಸೇಶನ್‌ಗೆ (ಈ ಏರುಪೇರಿಗೆ ದೇಹ ಒಡ್ಡುವ ಪ್ರತಿಕ್ರಿಯೆ) ‘ಪರಿಹಾರ’. ಸರಿಯೇ?

*

‘ಪರಿಹಾರ’ ಬೇಡವೇ ಬೇಡ. ‘ಉಸಿರಾಟದಿಂದ ಪರಿಹಾರವಾಗಿದೆ’ ಎಂದು ಓದಿದವರು ತೊಂದರೆ ನೀಗಿತು ಅಂದುಕೊಳ್ಳುತ್ತಾರೆ. ‘ಸರಿದೂಗಿಸುವಿಕೆ’ ಹಾಕಿ.

ಮೊದಲೆರಡನ್ನು ಒಂದೇ ಪದದಲ್ಲಿ ಕಟ್ಟುವುದು ಇನ್ನೂ ದೊಡ್ಡ ತಪ್ಪು. ಅಸಿಡೀಮಿಯಾ ಎಂದರೆ ರಕ್ತದ ಸ್ಥಿತಿ, ಪಿಹೆಚ್ 7.35ಕ್ಕಿಂತ ಕೆಳಗಿದೆ ಅಂತ ಅಷ್ಟೇ. ಅಸಿಡೋಸಿಸ್ ಎಂದರೆ ರಕ್ತವನ್ನು ಆ ಕಡೆಗೆ ಎಳೆಯುವ ಕ್ರಿಯೆ. ಪಿಹೆಚ್ 7.40, ಕಾರ್ಬನ್ ಡೈಆಕ್ಸೈಡ್ 25, ಬೈಕಾರ್ಬನೇಟ್ 15 ಇರುವ ವರದಿ ತೆಗೆದುಕೊಳ್ಳಿ. ಪಿಹೆಚ್ ನೋಡಿ ‘ಆಮ್ಲತೆ ಇಲ್ಲ’ ಎಂದು ಬರೆದರೆ ಕೆಟ್ಟಿತು. ಬೈಕಾರ್ಬನೇಟ್ 15 ಇದ್ದಾಗ ಕಾರ್ಬನ್ ಡೈಆಕ್ಸೈಡ್ ಇರಬೇಕಾದದ್ದು 15 × 1.5 + 8, ಅಂದರೆ 30.5, ಅತ್ತಿತ್ತ 2. ಇಲ್ಲಿ 25ಕ್ಕೆ ಇಳಿದಿದೆ. ಮೆಟಬಾಲಿಕ್ ಅಸಿಡೋಸಿಸ್ (ಬೈಕಾರ್ಬನೇಟ್ ಇಳಿದು ಆಗುವುದು) ಜೊತೆಗೆ ಉಸಿರಾಟದ ಆಲ್ಕಲೋಸಿಸ್ (ಕಾರ್ಬನ್ ಡೈಆಕ್ಸೈಡ್ ಇಳಿದು ರಕ್ತವನ್ನು ಕ್ಷಾರದ ಕಡೆಗೆ ಎಳೆಯುವುದು) ಬೇರೆಯಾಗಿಯೇ ಇದೆ. ಆಸ್ಪಿರಿನ್ ವಿಷವೇರಿದಾಗ ಕಾಣುವ ಜೋಡಿ ಇದು.

*

‘ಆಮ್ಲ’ದ ಗೀಳು ಯಾಕೆ? ಇಂಗ್ಲಿಷಿನ ಅಸಿಡ್‌ಗೆ ಮೂಲವಾದ ಲ್ಯಾಟಿನ್ ಪದಕ್ಕೂ ‘ಹುಳಿ’ ಎಂದೇ ಅರ್ಥ. ‘ಹುಳಿಯೆಳೆತ’, ‘ನೆತ್ತರುಹುಳಿ’ ಎನ್ನಿ. ‘ಆಮ್ಲಜನಕ’ದಲ್ಲಿ ಒಮ್ಮೆ ಎಡವಿದ್ದು ಸಾಲದೇ? ಆಮ್ಲಗಳನ್ನು ಹುಟ್ಟಿಸುವುದೇ ಆಕ್ಸಿಜನ್ ಎಂದು ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೂ ಇಲ್ಲ. ಆ ತಪ್ಪನ್ನು ಸಂಸ್ಕೃತಕ್ಕೆ ತಿರುಗಿಸಿ ಮಕ್ಕಳಿಗೆ ಕಲಿಸುತ್ತಿದ್ದೇವೆ. ಆಲ್ಕಲಿಗೆ (ಕ್ಷಾರಕ್ಕೆ) ‘ಸವಳು’ ಇದೆ.

*

ಸವಳು ಹೊಲಕ್ಕೆ. ವಾರ್ಡಿನಲ್ಲಿ ಹುಳಿ ಎಂದರೆ ಹುಳಿತೇಗು, ಎದೆಯುರಿ. ಲವಾಸಿಯೆಯ ತಪ್ಪಿಗೂ ಈ ಫಲಕಕ್ಕೂ ಸಂಬಂಧವಿಲ್ಲ.

ನನ್ನ ತಕರಾರು ‘ಸರಿದೂಗಿಸುವಿಕೆ’ಯ ಮೇಲೆ. ಸರಿದೂಗಿತು ಎಂದರೆ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತಿತು ಎಂದರ್ಥ. ಶ್ವಾಸಕೋಶ ಅಷ್ಟು ಮಾಡುವುದಿಲ್ಲ. ಬೈಕಾರ್ಬನೇಟ್ 10ಕ್ಕೆ ಇಳಿದವರು ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡನ್ನು 24ಕ್ಕೆ ತಂದರೂ ಪಿಹೆಚ್ 7.24ರಲ್ಲೇ ಇರುತ್ತದೆ. ತೂಕ ಇನ್ನೂ ಒಂದು ಕಡೆಗೇ ವಾಲಿದೆ. ‘ಎದುರೆಳೆತ’ ಎಂದರೆ ನಡೆಯುವುದನ್ನಷ್ಟೇ ಹೇಳಿದಂತಾಗುತ್ತದೆ.

*

‘ಎದುರೆಳೆತ’ ಒಪ್ಪಿದೆ, ಅದು ಅಚ್ಚಗನ್ನಡ. ಆದರೆ ಅಸಿಡೋಸಿಸ್ ಹಾಗೇ ಉಳಿದರೆ ಅನುವಾದ ಯಾಕೆ ಬೇಕಿತ್ತು? ಲಿಪಿ ಬದಲಾಯಿಸಿದ ಮಾತ್ರಕ್ಕೆ ಅದು ಕನ್ನಡವಾಗದು.

*

ಕೇಸ್ ಶೀಟಿನಲ್ಲಿ, ರೌಂಡ್ಸಿನಲ್ಲಿ ಕೇಳುವ ಪದ ಫಲಕದಲ್ಲಿ ಇಲ್ಲದಿದ್ದರೆ ನರ್ಸ್ ಎರಡನ್ನೂ ಹೇಗೆ ಹೊಂದಿಸಬೇಕು? ಹೆಸರು ಉಳಿಯಲಿ, ಅರ್ಥ ಕನ್ನಡದಲ್ಲಿ ಬರಲಿ.

*

ಎಲ್ಲರಿಗೂ ಕೃತಜ್ಞತೆ. ಅಚ್ಚಿಗೆ ಹೋಗುವ ಸಾಲುಗಳು:

ಅಸಿಡೀಮಿಯಾ: ಪಿಹೆಚ್ 7.35ಕ್ಕಿಂತ ಕಡಿಮೆ ಇರುವ ರಕ್ತ.
ಅಸಿಡೋಸಿಸ್: ರಕ್ತವನ್ನು ಆಮ್ಲದ ಕಡೆಗೆ ಎಳೆಯುವ ಕ್ರಿಯೆ. ಪಿಹೆಚ್ ಸರಿ ಇದ್ದಾಗಲೂ ಇರಬಹುದು.
ಎದುರೆಳೆತ: ಅದಕ್ಕೆ ಶ್ವಾಸಕೋಶ ಅಥವಾ ಮೂತ್ರಪಿಂಡ ಒಡ್ಡುವ ಪ್ರತಿಕ್ರಿಯೆ. ಬೈಕಾರ್ಬನೇಟ್ × 1.5 + 8, ಅತ್ತಿತ್ತ 2.

*

ಕೊನೆಯ ಸಾಲು ತಿದ್ದಿ. ಆ ಲೆಕ್ಕ ಮೆಟಬಾಲಿಕ್ ಅಸಿಡೋಸಿಸ್‌ಗೆ ಮಾತ್ರ. ‘ಮೂತ್ರಪಿಂಡ’ದ ಬೆನ್ನಿಗೇ ಬರೆದರೆ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಮೂತ್ರಪಿಂಡದ ಎದುರೆಳೆತಕ್ಕೆ ದಿನಗಳೇ ಹಿಡಿಯುತ್ತವೆ ಎಂಬುದನ್ನೂ ಸೇರಿಸಿ.